ಕೊನೇ ಸಹಿ ಯಾರದ್ದು? ಹಸ್ತಾಂತರದ ಕೇಸುಗಳಲ್ಲಿ ಕೋರ್ಟು ಎಷ್ಟು, ಸರ್ಕಾರ ಎಷ್ಟು

ಕಡತದ ಹುಳ:
ಗೆಳೆಯನ ಜೊತೆ ಶುರುವಾದ ವಾದವೊಂದು ಮುಗಿಯುತ್ತಲೇ ಇಲ್ಲ, ಅದನ್ನು ಇಲ್ಲಿಗೆ ತಂದಿದ್ದೇನೆ. ಅವನ ಪ್ರಕಾರ ತಲೆಮರೆಸಿಕೊಂಡವರನ್ನು ಒಂದು ದೇಶ ಇನ್ನೊಂದು ದೇಶಕ್ಕೆ ಒಪ್ಪಿಸುವುದು, ಅಂದರೆ ಹಸ್ತಾಂತರ, ಪೂರ್ತಿ ಕೋರ್ಟಿನ ಕೆಲಸ. ಒಂದು ದೇಶ ಕೇಳುತ್ತದೆ, ಇನ್ನೊಂದು ದೇಶದ ನ್ಯಾಯಾಧೀಶರು ಕಾಗದ ನೋಡಿ ಕೊಡಬಹುದು ಅಥವಾ ಬೇಡ ಅನ್ನುತ್ತಾರೆ. ರಾಜಕೀಯ ಅದರೊಳಗೆ ನುಗ್ಗಿದರೆ ಅದು ರೋಗ.

ನನಗೆ ಹಾಗೆ ಅನ್ನಿಸುವುದಿಲ್ಲ. ರಾಜಕೀಯಕ್ಕೆ ಇಲ್ಲಿ ಕಾನೂನೇ ಬಾಗಿಲು ಇಟ್ಟಿದೆ. ಅದೂ ಎರಡು. ಆರೋಪಿಯನ್ನು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಸರ್ಕಾರ. ಕೋರ್ಟು ಒಪ್ಪಿದ ಮೇಲೂ ಅವನನ್ನು ವಿಮಾನ ಹತ್ತಿಸುವ ಕೊನೇ ಸಹಿ ಬಹಳ ದೇಶಗಳಲ್ಲಿ ಮಂತ್ರಿಯದ್ದು. ಕೋರ್ಟು ಅನ್ನೋದು ನಡುಮನೆ, ಅಷ್ಟೇ.

ಪಿನೊಚೆ ಕೇಸನ್ನೇ ನೋಡಿ. ಚಿಲಿಯ ಮಾಜಿ ಸರ್ವಾಧಿಕಾರಿ ಚಿಕಿತ್ಸೆಗೆಂದು ಲಂಡನ್ನಿಗೆ ಬಂದಿದ್ದರು. 1998ರ ಅಕ್ಟೋಬರ್ 16ರಂದು ಬಂಧನವಾಯಿತು. ವಾರಂಟ್ ಹೊರಡಿಸಿದ್ದು ಸ್ಪೇನಿನ ನ್ಯಾಯಾಧೀಶ ಬಾಲ್ತಾಸಾರ್ ಗಾರ್ಸೋನ್. ಬ್ರಿಟನ್ನಿನ ಅತಿ ಎತ್ತರದ ನ್ಯಾಯಪೀಠ ನವೆಂಬರಿನಲ್ಲಿ 3-2ರಲ್ಲಿ, ಮಾಜಿ ರಾಷ್ಟ್ರಮುಖ್ಯಸ್ಥ ಅನ್ನುವ ಕಾರಣಕ್ಕೆ ಇವರಿಗೆ ಕಾನೂನಿನ ರಕ್ಷಣೆ ಇಲ್ಲ ಅಂದಿತು. ಆಮೇಲೆ ಆ ಐವರಲ್ಲಿ ಒಬ್ಬರಾದ ಲಾರ್ಡ್ ಹಾಫ್‌ಮನ್‌ಗೆ ಆಮ್ನೆಸ್ಟಿ ಅನ್ನುವ ಮಾನವ ಹಕ್ಕುಗಳ ಸಂಸ್ಥೆಯ ಜೊತೆ ನಂಟಿದೆ, ಅದನ್ನು ಅವರು ಹೇಳಿರಲಿಲ್ಲ ಅಂತ ಗೊತ್ತಾಯಿತು. ಆಮ್ನೆಸ್ಟಿ ಅದೇ ಕೇಸಿನಲ್ಲಿ ವಾದ ಮಾಡಿತ್ತು! ತೀರ್ಪು ರದ್ದು. ಏಳು ಜನರ ಹೊಸ ಪೀಠ 1999ರ ಮಾರ್ಚಿನಲ್ಲಿ 6-1ರಲ್ಲಿ ಮತ್ತೆ ಅದೇ ಮಾತು ಹೇಳಿತು, ಆದರೆ ಆರೋಪಗಳ ಪಟ್ಟಿಯನ್ನು ತುಂಬಾ ಮೊಟಕು ಮಾಡಿತು. ಅಂದರೆ ಕೋರ್ಟು ತನ್ನ ಮನೆಯನ್ನು ತಾನೇ ಗುಡಿಸಿಕೊಂಡು, ಎರಡು ಸಲ ಕೂತು, ಹೌದು ಅಂದಿತು.

ಕೊನೆಗೆ ಆಗಿದ್ದೇನು? 2000ದ ಮಾರ್ಚ್ 2ರಂದು ಗೃಹ ಸಚಿವ ಜಾಕ್ ಸ್ಟ್ರಾ, ವಿಚಾರಣೆ ಎದುರಿಸುವ ಆರೋಗ್ಯ ಇವರಿಗಿಲ್ಲ ಅಂತ ಮನೆಗೆ ಕಳಿಸಿದರು. ಮಾರನೇ ದಿನ ಸ್ಯಾಂಟಿಯಾಗೊದಲ್ಲಿ ಇಳಿದ ಪಿನೊಚೆ ಗಾಲಿಕುರ್ಚಿಯಿಂದ ಎದ್ದು ನಡೆದರು. ಟಿವಿಯಲ್ಲಿ ಜಗತ್ತೇ ನೋಡಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ ಅಲ್ವಾ? ಆದರೆ ಸ್ಟ್ರಾ ಕಾನೂನು ಮುರಿಯಲಿಲ್ಲ. ಕಾನೂನು ಕೊಟ್ಟ ಅಧಿಕಾರವನ್ನೇ ಬಳಸಿದರು. ನನ್ನ ಪ್ರಶ್ನೆ ಇಲ್ಲಿದೆ: ಇದನ್ನು ಹಸ್ತಕ್ಷೇಪ ಅನ್ನಬೇಕಾ, ಬೇಡವಾ? ಗೆರೆ ಎಲ್ಲಿ ಎಳೆಯುತ್ತೀರಿ?

ಸುಮ್ನೆ ಓದೋನು:
ಒಂದು ಸಣ್ಣ ಅನುಮಾನ. ಪೇಪರಿನಲ್ಲಿ ಇದನ್ನೆಲ್ಲ ಗಡೀಪಾರು ಅಂತ ಬರೆಯುತ್ತಾರೆ. ನೀವು ಹಸ್ತಾಂತರ ಅಂತಿದ್ದೀರಿ. ಎರಡೂ ಒಂದೇನಾ?

ಅರ್ಧ ಲಾಯರ್:
ಒಂದೇ ಅಲ್ಲ. ಈ ಗೊಂದಲದಲ್ಲೇ ಸರ್ಕಾರಗಳು ಮೀನು ಹಿಡಿಯುತ್ತವೆ, ಹಾಗಾಗಿ ಒಳ್ಳೇ ಪ್ರಶ್ನೆ.

ಹಸ್ತಾಂತರ ಅಂದರೆ ಇನ್ನೊಂದು ದೇಶ ಕೇಳಿದೆ, ನಾವು ಒಪ್ಪಿಸುತ್ತಿದ್ದೇವೆ ಅಂತ. ಅದಕ್ಕೆ ಒಪ್ಪಂದ ಬೇಕು, ಆರೋಪ ಬೇಕು, ಕೋರ್ಟು ಬೇಕು. ಗಡೀಪಾರು ಅಂದರೆ ನೀನು ನಮ್ಮ ನೆಲದಲ್ಲಿ ಇರಬೇಡ, ಹೊರಡು ಅಂತ ನಾವೇ ಹೇಳುವುದು. ಅದು ವೀಸಾ, ವಲಸೆ ಇಲಾಖೆಯ ವಿಷಯ. ಕೋರ್ಟಿನ ಕಣ್ಣು ಅಲ್ಲಿ ಕಡಿಮೆ.

ಮೊದಲನೆಯದು ಆಗದಿದ್ದಾಗ ಎರಡನೆಯದನ್ನು ಬಳಸುವುದು ಹಳೇ ಚಾಳಿ. ಬೋಜಾನೊ ಅನ್ನುವ ಇಟಲಿಯವನ ಕೇಸು ಇದಕ್ಕೆ ಪಾಠದಂತಿದೆ. ಇಟಲಿಯಲ್ಲಿ ಅವನಿಲ್ಲದೆಯೇ ವಿಚಾರಣೆ ನಡೆಸಿ ಕೊಲೆಗೆ ಶಿಕ್ಷೆ ಹಾಕಿದ್ದರು. ಅವನು ಫ್ರಾನ್ಸಿನಲ್ಲಿ ಸಿಕ್ಕಿಬಿದ್ದ. 1979ರಲ್ಲಿ ಲಿಮೋಜ್‌ನ ಕೋರ್ಟು, ಆರೋಪಿ ಇಲ್ಲದೆ ನಡೆದ ವಿಚಾರಣೆ ನಮ್ಮ ಕಾನೂನಿಗೆ ಒಗ್ಗುವುದಿಲ್ಲ, ಒಪ್ಪಿಸಬೇಡಿ ಅಂದಿತು. ಆ ಮಾತಿಗೆ ಸರ್ಕಾರ ಕಟ್ಟುಬಿದ್ದಿತ್ತು. ಅದೇ ವರ್ಷ ಅಕ್ಟೋಬರಿನ ಒಂದು ರಾತ್ರಿ ಪೊಲೀಸರು ಅವನನ್ನು ಹಿಡಿದು, ಕೈಗೆ ಬೇಡಿ ಹಾಕಿ, ಕಾರಿನಲ್ಲಿ ಸ್ವಿಸ್ ಗಡಿಗೆ ತಂದು ಬಿಟ್ಟರು. ಸ್ಪೇನಿನ ಗಡಿ ಹತ್ತಿರವಿತ್ತು. ಆದರೂ ಸ್ವಿಟ್ಜರ್ಲೆಂಡೇ ಯಾಕೆ? ಅಲ್ಲಿಗೂ ಇಟಲಿಗೂ ಹಸ್ತಾಂತರ ಒಪ್ಪಂದ ಇತ್ತು, ಇಟಲಿ ಮೊದಲೇ ಅಲ್ಲಿ ಅರ್ಜಿ ಹಾಕಿತ್ತು. ಅಲ್ಲಿಂದ ಇಟಲಿಗೆ ಹೋದ. 1986ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು, ಇದು ಗಡೀಪಾರು ಅಲ್ಲ, ವೇಷ ಹಾಕಿದ ಹಸ್ತಾಂತರ ಅಂತ ಹೇಳಿ ಫ್ರಾನ್ಸ್ ತಪ್ಪು ಮಾಡಿದೆ ಅಂದಿತು.

ಗೆರೆ ಎಲ್ಲಿ ಅಂತ ಹುಳ ಅವರು ಕೇಳಿದರಲ್ಲ, ಇದು ನನ್ನ ಮೊದಲ ಗೆರೆ. ಸ್ಟ್ರಾ ಮಾಡಿದ್ದು ಇಷ್ಟವಿರಲಿ ಬಿಡಲಿ, ಮುಂಬಾಗಿಲಿನಿಂದ ನಡೆದದ್ದು. ಬೋಜಾನೊ ಹೋದದ್ದು ಹಿಂಬಾಗಿಲಿನಿಂದ.

ಕೊನೇ ಬೆಂಚು:
ಮುಂಬಾಗಿಲು ಹಿಂಬಾಗಿಲು ಎಲ್ಲ ಸರಿ ಸರ್. ಮನೆಯೇ ಅವರದ್ದು.

ಮೆಂಗ್ ವಾಂಜೌ ಕೇಸು ನೆನಪಿದೆಯಾ? ಚೀನಾದ ಹುವಾವೇ ಕಂಪನಿಯ ಹಣಕಾಸು ಮುಖ್ಯಸ್ಥೆ, ಸ್ಥಾಪಕರ ಮಗಳು. 2018ರ ಡಿಸೆಂಬರ್ 1ರಂದು ಕೆನಡಾದ ವ್ಯಾಂಕೋವರ್‌ನಲ್ಲಿ ವಿಮಾನ ಬದಲಿಸುವಾಗ ಹಿಡಿದರು. ಅಮೆರಿಕ ಕೇಳಿತ್ತು. ಹತ್ತು ದಿನದೊಳಗೆ ಚೀನಾ ಇಬ್ಬರು ಕೆನಡಾದವರನ್ನು ಒಳಗೆ ಹಾಕಿತು, ಮೈಕೆಲ್ ಕೋವ್ರಿಗ್ ಮತ್ತು ಮೈಕೆಲ್ ಸ್ಪೇವರ್. ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್, ಚೀನಾ ಜೊತೆ ವ್ಯಾಪಾರ ಒಪ್ಪಂದಕ್ಕೆ ಅನುಕೂಲ ಆಗುವುದಾದರೆ ಈ ಕೇಸಿನಲ್ಲಿ ನಾನು ಕೈಹಾಕುತ್ತೇನೆ ಅಂತ ಸುದ್ದಿಸಂಸ್ಥೆಗೆ ಹೇಳಿಬಿಟ್ಟರು. ಅವರ ಬಾಯಲ್ಲೇ! ಚೀನಾದಲ್ಲಿದ್ದ ಕೆನಡಾದ ರಾಯಭಾರಿ ಜಾನ್ ಮೆಕಲಮ್, ಆಕೆಯ ವಾದಕ್ಕೆ ಬಲ ಇದೆ ಅಂತ ಪತ್ರಕರ್ತರ ಮುಂದೆ ಹೇಳಿ ಕೆಲಸ ಕಳೆದುಕೊಂಡರು.

ಎರಡೂ ಮುಕ್ಕಾಲು ವರ್ಷ ಕೋರ್ಟಿನಲ್ಲಿ ವಾದ ನಡೆಯಿತು. 2021ರ ಆಗಸ್ಟಿನಲ್ಲಿ ವಾದ ಮುಗಿದು ತೀರ್ಪು ಬಾಕಿ ಇತ್ತು. ಸೆಪ್ಟೆಂಬರ್ 24ಕ್ಕೆ ಅಮೆರಿಕ ಆಕೆಯ ಜೊತೆ ರಾಜಿ ಮಾಡಿಕೊಂಡಿತು. ಆಕೆ ವಿಮಾನ ಹತ್ತಿದರು. ಅದೇ ದಿನ ಇಬ್ಬರು ಮೈಕೆಲ್‌ಗಳೂ ವಿಮಾನ ಹತ್ತಿದರು. ಕಾಕತಾಳೀಯ ಅಂತ ಹೇಳಿದವರನ್ನು ನಾನು ಕಾಣೆ. ಆ ತೀರ್ಪು ಇವತ್ತಿಗೂ ಹೊರಬಂದಿಲ್ಲ, ಬರುವುದೂ ಇಲ್ಲ.

ಕೋರ್ಟು ನಡುಮನೆ ಅಂದಿರಲ್ಲ ಹುಳ ಸರ್, ನನ್ನ ಲೆಕ್ಕದಲ್ಲಿ ಅದು ಕಾಯುವ ಕೋಣೆ.

ಅರ್ಧ ಲಾಯರ್:
ಬೆಂಚು ಅವರೇ, ಅದೇ ಕೇಸಿನ ಇನ್ನೊಂದು ಮುಖವನ್ನು ಬಿಟ್ಟಿರಿ. ಕೆನಡಾದ ಕಾನೂನಿನಲ್ಲಿ ನ್ಯಾಯ ಸಚಿವರು ಬೇಕಾದಾಗ ಹಸ್ತಾಂತರದ ಕೇಸನ್ನು ನಿಲ್ಲಿಸಬಹುದು. ಕೋರ್ಟಿನ ಕೊನೆಯವರೆಗೂ ಕಾಯಬೇಕಿಲ್ಲ. 2020ರ ಜೂನ್‌ನಲ್ಲಿ 19 ಮಂದಿ ಮಾಜಿ ರಾಜಕಾರಣಿಗಳು, ರಾಯಭಾರಿಗಳು ಮತ್ತಿತರರು ಪತ್ರ ಬರೆದು, ಆಕೆಯನ್ನು ಬಿಟ್ಟು ನಮ್ಮ ಇಬ್ಬರನ್ನು ಕರೆತನ್ನಿ ಅಂದರು. ಅದು ಪೂರ್ತಿ ಕಾನೂನುಬದ್ಧ ದಾರಿಯೇ. ಪ್ರಧಾನಿ ಟ್ರೂಡೊ ಒಪ್ಪಲಿಲ್ಲ. ಇವತ್ತು ಹೀಗೆ ಬಿಟ್ಟರೆ ನಾಳೆ ನಮ್ಮವರನ್ನು ಹಿಡಿದಿಟ್ಟುಕೊಂಡು ಯಾರು ಬೇಕಾದರೂ ನಮ್ಮನ್ನು ಬಗ್ಗಿಸುತ್ತಾರೆ ಅನ್ನುವುದು ಅವರ ಮಾತಿನ ಸಾರ.

ಈಗ ಹೇಳಿ. ಇಬ್ಬರು ನಿರಪರಾಧಿಗಳು ಸಾವಿರ ದಿನಕ್ಕೂ ಮೇಲೆ ಜೈಲಿನಲ್ಲಿ. ರಾಜಕೀಯ ಕೈಹಾಕದಿದ್ದದ್ದು ಒಳ್ಳೆಯದಾಯಿತಾ? ನನಗಂತೂ ಇಂದಿಗೂ ಉತ್ತರ ಸಿಕ್ಕಿಲ್ಲ.

ಕೋರ್ಟು ಬರೀ ಕಾಯುವ ಕೋಣೆ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಪುಜ್ದೆಮೋಂ ಕೇಸು ತೆಗೆದುಕೊಳ್ಳಿ. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ ಪ್ರತ್ಯೇಕ ಆಗಬೇಕು ಅಂತ 2017ರಲ್ಲಿ ಜನಮತ ನಡೆಸಿದ ನಾಯಕ. ಸ್ಪೇನ್ ಬಿಟ್ಟು ಓಡಿದ್ದ. 2018ರ ಮಾರ್ಚ್ 25ರಂದು ಜರ್ಮನಿಯಲ್ಲಿ, ಡೆನ್ಮಾರ್ಕ್ ಗಡಿ ದಾಟಿ ಬರುವಾಗ ಸಿಕ್ಕಿಬಿದ್ದ. ಸ್ಪೇನ್ ಕೇಳಿದ್ದು ಎರಡು ಆರೋಪಕ್ಕೆ: ಬಂಡಾಯ, ಮತ್ತು ಸರ್ಕಾರಿ ಹಣದ ದುರುಪಯೋಗ. ಜರ್ಮನಿಯ ಶ್ಲೆಸ್ವಿಗ್ ಕೋರ್ಟು, ಇವನು ಮಾಡಿದ್ದು ನಮ್ಮ ಕಾನೂನಿನಲ್ಲಿ ಬಂಡಾಯ ಆಗುವಷ್ಟು ಹಿಂಸೆಯಲ್ಲ, ಹಣದ ವಿಷಯಕ್ಕೆ ಬೇಕಾದರೆ ಕರೆದುಕೊಂಡು ಹೋಗಿ ಅಂದಿತು.

ಇಲ್ಲಿ ಎರಡು ಹಳೇ ನಿಯಮಗಳು ಜೊತೆಯಾಗಿ ಕೆಲಸ ಮಾಡಿದವು. ಒಂದು, ಮಾಡಿದ ಕೆಲಸ ಎರಡೂ ದೇಶದಲ್ಲಿ ಅಪರಾಧ ಆಗಿರಬೇಕು. ಇನ್ನೊಂದು, ಯಾವ ಆರೋಪಕ್ಕೆ ಒಪ್ಪಿಸಿದರೋ ಅದಕ್ಕೆ ಮಾತ್ರ ವಿಚಾರಣೆ ಮಾಡಬೇಕು, ಕೈಗೆ ಸಿಕ್ಕ ಅಂತ ಬೇರೆ ಕೇಸು ಜಡಿಯುವಂತಿಲ್ಲ. ಸ್ಪೇನಿನ ನ್ಯಾಯಾಧೀಶರು ಲೆಕ್ಕ ಹಾಕಿದರು. ಬರೀ ಹಣದ ಕೇಸಿಗೆ ಕರೆಸಿಕೊಂಡರೆ ಬಂಡಾಯದ ಕೇಸು ಕೈತಪ್ಪುತ್ತದೆ. ವಾರಂಟನ್ನೇ ವಾಪಸ್ ಪಡೆದರು!

ಜರ್ಮನಿ ಮತ್ತು ಸ್ಪೇನ್ ಎರಡೂ ಯುರೋಪ್ ಒಕ್ಕೂಟದವು, ಸ್ನೇಹಿತರು. ಅಲ್ಲಿನ ಒಂದು ಪ್ರಾಂತೀಯ ಕೋರ್ಟು ಈ ಸ್ನೇಹಕ್ಕೆ ಸೊಪ್ಪು ಹಾಕಲಿಲ್ಲ. ಕಾಯುವ ಕೋಣೆ ಹೀಗೆ ನಡೆದುಕೊಳ್ಳುತ್ತದಾ?

ಕೊನೇ ಬೆಂಚು:
ಒಂದು ಅಂಕ ನಿಮಗೆ. ಒಂದೇ.

ನಿಧಾನಿ:
ಎಲ್ಲರೂ ಆರೋಪಿ ಇರುವ ದೇಶದ ಕೋರ್ಟಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೇಳುವ ದೇಶದ ಕೋರ್ಟೇ ಕೆಟ್ಟಿದ್ದರೆ?

2018ರಲ್ಲಿ ಐರ್ಲೆಂಡಿನಲ್ಲಿ ಇದೇ ಎದುರಾಯಿತು. ಪೋಲೆಂಡಿನವನೊಬ್ಬ ಮಾದಕವಸ್ತು ಸಾಗಣೆ ಕೇಸಿನಲ್ಲಿ ಬೇಕಾಗಿದ್ದ. ರಾಜಕೀಯದ ಗಂಧವೂ ಇಲ್ಲದ ಸಾದಾ ಕೇಸು. ಆದರೆ ಅಷ್ಟರಲ್ಲಿ ಪೋಲೆಂಡಿನ ಸರ್ಕಾರ ನ್ಯಾಯಾಧೀಶರನ್ನು ನೇಮಿಸುವ, ಶಿಸ್ತಿನ ಕ್ರಮ ತೆಗೆದುಕೊಳ್ಳುವ ವ್ಯವಸ್ಥೆಯನ್ನೆಲ್ಲ ತನ್ನ ಹಿಡಿತಕ್ಕೆ ತಂದುಕೊಳ್ಳುತ್ತಿತ್ತು. ಐರ್ಲೆಂಡಿನ ನ್ಯಾಯಾಧೀಶೆ ಐಲೀನ್ ಡಾನೆಲಿ, ಇಂಥ ದೇಶಕ್ಕೆ ಕಳಿಸಿದರೆ ಇವನಿಗೆ ನ್ಯಾಯ ಸಿಗುತ್ತದಾ ಅಂತ ಯುರೋಪ್ ಒಕ್ಕೂಟದ ಕೋರ್ಟನ್ನೇ ಕೇಳಿದರು.

ಜುಲೈನಲ್ಲಿ ಉತ್ತರ ಬಂತು. ಎರಡು ಮೆಟ್ಟಿಲು ಹತ್ತಬೇಕು. ಇಡೀ ವ್ಯವಸ್ಥೆಯಲ್ಲಿ ದೋಷ ಇದೆಯಾ ನೋಡಿ. ಇದ್ದರೆ ಅಷ್ಟೇ ಸಾಲದು, ಆ ದೋಷ ಈ ಮನುಷ್ಯನ ಈ ಕೇಸಿಗೆ ನಿಜವಾಗಿ ತಟ್ಟುತ್ತದಾ ಅಂತಲೂ ನೋಡಿ. ಎರಡನೇ ಮೆಟ್ಟಿಲು ಎಷ್ಟು ಎತ್ತರ ಅಂದರೆ ಆ ಮನುಷ್ಯ ಹತ್ತಲಾಗಲಿಲ್ಲ. ನವೆಂಬರಿನಲ್ಲಿ ಅದೇ ನ್ಯಾಯಾಧೀಶೆ ಅವನನ್ನು ಒಪ್ಪಿಸಲು ಆದೇಶ ಕೊಟ್ಟರು.

ಹೊಳೆ ವಿಷವಾಗಿದೆ ಅಂತ ಗೊತ್ತು. ನಿನ್ನ ಲೋಟದಲ್ಲಿ ವಿಷ ಇದೆ ಅಂತ ನೀನೇ ತೋರಿಸು ಅಂದ ಹಾಗಾಯಿತು.

ಇದನ್ನು ಓದಿ ಪೋಲೆಂಡಿನ ಮೇಲೆ ಮಾತ್ರ ಬೆರಳು ತೋರಿಸಬೇಡಿ. ಮುಂದಿನ ವರ್ಷ, 2019ರ ಮೇ 27ರಂದು, ಅದೇ ಕೋರ್ಟು ಜರ್ಮನಿಗೆ ಬಿಸಿ ಮುಟ್ಟಿಸಿತು. ಜರ್ಮನಿಯಲ್ಲಿ ಯುರೋಪ್ ಮಟ್ಟದ ಬಂಧನ ವಾರಂಟುಗಳನ್ನು ಸರ್ಕಾರದ ಪರ ಕೇಸು ನಡೆಸುವ ಪ್ರಾಸಿಕ್ಯೂಟರುಗಳೇ ಹೊರಡಿಸುತ್ತಿದ್ದರು. ಅಲ್ಲಿನ ಕಾನೂನಿನಲ್ಲಿ ನ್ಯಾಯ ಸಚಿವರು ಪ್ರಾಸಿಕ್ಯೂಟರಿಗೆ ಒಂದು ಕೇಸಿನ ವಿಷಯದಲ್ಲೂ ಸೂಚನೆ ಕೊಡಬಹುದು. ಕೊಟ್ಟಿದ್ದಾರೆ ಅಂತ ಯಾರೂ ಹೇಳಲಿಲ್ಲ. ಕೊಡಬಹುದು ಅನ್ನುವುದೇ ಸಾಕಾಯಿತು. ನಿಮ್ಮ ಪ್ರಾಸಿಕ್ಯೂಟರು ಈ ಕೆಲಸಕ್ಕೆ ಬೇಕಾದಷ್ಟು ಸ್ವತಂತ್ರರಲ್ಲ ಅಂದುಬಿಟ್ಟರು. ಆಮೇಲಿಂದ ಅಲ್ಲಿ ವಾರಂಟ್ ಹೊರಡಿಸುವುದು ಕೋರ್ಟುಗಳು.

ಕಡತದ ಹುಳ:
ಜರ್ಮನಿಯ ಈ ವಿಷಯ ನನಗೆ ಗೊತ್ತಿರಲಿಲ್ಲ ನಿಧಾನಿ ಅವರೇ. ಒಂದು ಕಡೆ ವ್ಯವಸ್ಥೆ ಕಣ್ಣೆದುರೇ ಕೆಡುತ್ತಿದ್ದರೂ ಕಳಿಸುವ ದಾರಿ ಮುಚ್ಚಲಿಲ್ಲ. ಇನ್ನೊಂದು ಕಡೆ ಯಾರೂ ದುರುಪಯೋಗ ಮಾಡದಿದ್ದರೂ ಬಾಗಿಲು ತೆರೆದಿದೆ, ಮುಚ್ಚಿ ಅಂದರು. ಒಂದೇ ಕೋರ್ಟು, ಹತ್ತು ತಿಂಗಳ ಅಂತರ. ಬಾಗಿಲು ಮುಚ್ಚುವುದು ಸುಲಭ ಅಂತ ಕಾಣುತ್ತದೆ. ಒಳಗೆ ಬಂದವರನ್ನು ಹೊರಹಾಕುವುದು ಕಷ್ಟ.

ಹಾಂಗ್‌ಕಾಂಗ್‌ನಲ್ಲಿ ಜನ ಬೀದಿಗಿಳಿದದ್ದೂ ಈ ಭಯಕ್ಕೇ. ತೈವಾನಿನಲ್ಲಿ ನಡೆದ ಒಂದು ಕೊಲೆಯ ಆರೋಪಿಯನ್ನು ಕಳಿಸಲು ಕಾನೂನಿಲ್ಲ ಅಂತ 2019ರಲ್ಲಿ ಮಸೂದೆ ತಂದರು. ಅದರ ಪ್ರಕಾರ ಚೀನಾದ ಮುಖ್ಯನಾಡಿಗೂ ಒಪ್ಪಿಸಬಹುದಿತ್ತು. ಲಕ್ಷಗಟ್ಟಲೆ ಜನ ಬೇಡ ಅಂದರು. ಅವರ ತಕರಾರು ಹಸ್ತಾಂತರದ ಮೇಲಲ್ಲ, ಆ ಕಡೆಯ ಕೋರ್ಟುಗಳ ಮೇಲೆ. ಸೆಪ್ಟೆಂಬರಿನಲ್ಲಿ ಮಸೂದೆ ಕೈಬಿಡುತ್ತೇವೆ ಅಂತ ಘೋಷಿಸಿದರು. 2020ರಲ್ಲಿ ಚೀನಾ ಅಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ತಂದಿತು. ಆಗ ಕೆನಡಾ, ಆಸ್ಟ್ರೇಲಿಯಾ, ಬ್ರಿಟನ್, ಜರ್ಮನಿ, ಅಮೆರಿಕ ಎಲ್ಲ ಒಂದರ ಹಿಂದೆ ಒಂದು ಹಾಂಗ್‌ಕಾಂಗ್ ಜೊತೆಗಿನ ಹಸ್ತಾಂತರ ಒಪ್ಪಂದ ನಿಲ್ಲಿಸಿದವು. ಒಂದು ಕೊಲೆ ಕೇಸು ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ.

ಪ್ರಶ್ನೆ ಪತ್ರಿಕೆ:
ರೆಡ್ ನೋಟಿಸ್ ಬಂದರೆ ಇದೆಲ್ಲ ಬೇಕೇ ಆಗಲ್ಲ ಅಲ್ವಾ? ಇಂಟರ್‌ಪೋಲ್ ಹಿಡಿದು ತರುತ್ತದಲ್ಲ?

ಅರ್ಧ ಲಾಯರ್:
ಇಂಟರ್‌ಪೋಲ್‌ಗೆ ಹಿಡಿಯುವ ಪೊಲೀಸರೇ ಇಲ್ಲ. ಸಿನಿಮಾ ನೋಡಿ ಎಲ್ಲರೂ ಹೀಗೆ ಅಂದುಕೊಂಡಿದ್ದಾರೆ, ನಿಮ್ಮೊಬ್ಬರ ತಪ್ಪಲ್ಲ. ರೆಡ್ ನೋಟಿಸ್ ಅಂತರರಾಷ್ಟ್ರೀಯ ವಾರಂಟ್ ಅಲ್ಲ. ಇಂಥವರನ್ನು ನಾವು ಹುಡುಕುತ್ತಿದ್ದೇವೆ, ಸಿಕ್ಕರೆ ಹಿಡಿದಿಟ್ಟು ತಿಳಿಸಿ ಅಂತ ಒಂದು ದೇಶ ಉಳಿದ ಸದಸ್ಯ ದೇಶಗಳಿಗೆ ಮಾಡುವ ಕೋರಿಕೆ. ಸದಸ್ಯ ದೇಶಗಳು 196. ಆ ಕಾಗದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ, ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ವಿಷಯಗಳಲ್ಲಿ ಸಂಸ್ಥೆ ತಲೆಹಾಕಲೇಬಾರದು ಅನ್ನುತ್ತದೆ. ಕಾಗದದ ಮೇಲೆ ಚೆಂದ. ಹಕೀಮ್ ಅಲ್ ಅರೈಬಿ ಅಂತ ಒಬ್ಬ ಫುಟ್‌ಬಾಲ್ ಆಟಗಾರ, ಬಹ್ರೇನಿನವನು. ಅಲ್ಲಿಂದ ತಪ್ಪಿಸಿಕೊಂಡು ಬಂದ ಇವನನ್ನು ಆಸ್ಟ್ರೇಲಿಯಾ ನಿರಾಶ್ರಿತ ಅಂತ ಒಪ್ಪಿತ್ತು. 2018ರ ನವೆಂಬರಿನಲ್ಲಿ ಹೆಂಡತಿ ಜೊತೆ ಬ್ಯಾಂಕಾಕಿಗೆ ಹೋದ. ಇಳಿದ ಕೂಡಲೇ ಬಂಧನ. ಬಹ್ರೇನ್ ಹಾಕಿಸಿದ್ದ ರೆಡ್ ನೋಟಿಸ್ ಇತ್ತು. ಓಡಿಬಂದ ದೇಶವೇ ನಿರಾಶ್ರಿತನ ಮೇಲೆ ನೋಟಿಸ್ ಹಾಕಿಸುವುದಕ್ಕೆ ಇಂಟರ್‌ಪೋಲ್ ನಿಯಮದಲ್ಲೇ ಅವಕಾಶವಿಲ್ಲ. ಕೆಲವೇ ದಿನಗಳಲ್ಲಿ ನೋಟಿಸ್ ರದ್ದಾಯಿತು. ಮನುಷ್ಯ ಮಾತ್ರ ಜೈಲಿನಲ್ಲೇ ಉಳಿದ. ಕೋರ್ಟಿಗೆ ಕಾಲಿಗೆ ಸರಪಳಿ ಹಾಕಿ ಕರೆತಂದರು. 2019ರ ಫೆಬ್ರವರಿ 11ಕ್ಕೆ ಬಿಡುಗಡೆ, ಅದೂ ಆಟಗಾರರು, ಆಸ್ಟ್ರೇಲಿಯಾ ಸರ್ಕಾರ, ಫುಟ್‌ಬಾಲ್ ಸಂಸ್ಥೆಗಳು ಎಲ್ಲ ಸೇರಿ ಒತ್ತಡ ಹಾಕಿದ ಮೇಲೆ.

ಅಂದರೆ ರಾಜಕೀಯದಿಂದ ಒಳಗೆ ಹೋದ, ರಾಜಕೀಯದಿಂದಲೇ ಹೊರಗೆ ಬಂದ. ಕೋರ್ಟಿನ ಪಾಲು ಅತ್ಯಲ್ಪ.

ಕೊನೇ ಬೆಂಚು:
ಲಾಯರ್ ಸಾಹೇಬರು ನಿಧಾನವಾಗಿ ನನ್ನ ಬೆಂಚಿಗೇ ಬರುತ್ತಿದ್ದಾರೆ. ಜಾಗ ಇದೆ, ಬನ್ನಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಎಲ್ಲ ನ್ಯಾಯವಾಗಿ ನಡೆದು, ಆರೋಪಿ ಬಂದು, ಶಿಕ್ಷೆಯೂ ಆಯಿತು ಅಂತಿಟ್ಟುಕೊಳ್ಳಿ. ಆಮೇಲೆ?

ವಿಕ್ಟರ್ ಬೌಟ್, ರಷ್ಯಾದ ಶಸ್ತ್ರಾಸ್ತ್ರ ವ್ಯಾಪಾರಿ. 2008ರಲ್ಲಿ ಅಮೆರಿಕದ ಕೋರಿಕೆಯ ಮೇಲೆ ಬ್ಯಾಂಕಾಕಿನಲ್ಲಿ ಬಂಧನ. ಥಾಯ್ ಕೆಳ ಕೋರ್ಟು ಇದು ರಾಜಕೀಯ ಸ್ವರೂಪದ ಕೇಸು, ಕೊಡುವುದಿಲ್ಲ ಅಂದಿತು. ಮೇಲಿನ ಕೋರ್ಟು ಕೊಡಿ ಅಂದಿತು. ರಷ್ಯಾ, ಅಮೆರಿಕ ಎರಡೂ ಥಾಯ್ಲೆಂಡನ್ನು ಹಗ್ಗದ ಹಾಗೆ ಜಗ್ಗಿದವು. 2010ರಲ್ಲಿ ಅಮೆರಿಕಕ್ಕೆ ಕಳಿಸಿದರು. 25 ವರ್ಷ ಶಿಕ್ಷೆ. 2022ರ ಡಿಸೆಂಬರಿನಲ್ಲಿ ರಷ್ಯಾದ ಜೈಲಿನಲ್ಲಿದ್ದ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಬ್ರಿಟ್ನಿ ಗ್ರೈನರ್‌ಗೆ ಬದಲಾಗಿ ರಷ್ಯಾಕ್ಕೆ ವಾಪಸ್ ಕೊಟ್ಟರು.

ಹುವಾನ್ ಒರ್ಲಾಂಡೊ ಎರ್ನಾಂಡೆಸ್, ಹೊಂಡುರಾಸ್‌ನ ಮಾಜಿ ಅಧ್ಯಕ್ಷ. ಅಧಿಕಾರ ಬಿಟ್ಟ ಕೆಲವೇ ವಾರಗಳಲ್ಲಿ ಬಂಧನ, 2022ರ ಏಪ್ರಿಲಿನಲ್ಲಿ ಅಮೆರಿಕಕ್ಕೆ ಹಸ್ತಾಂತರ. ಕೊಕೇನ್ ಸಾಗಣೆಗೆ ನೆರವಾದ ಆರೋಪ. ಜ್ಯೂರಿ ತಪ್ಪಿತಸ್ಥ ಅಂದಿತು. 2024ರಲ್ಲಿ 45 ವರ್ಷ ಶಿಕ್ಷೆ. 2025ರ ಡಿಸೆಂಬರಿನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು, ಜೈಲಿನಿಂದ ಹೊರಬಂದ. ತನ್ನ ಮಾಜಿ ಅಧ್ಯಕ್ಷನನ್ನೇ ಒಪ್ಪಿಸಿದ ಒಂದು ಸಣ್ಣ ದೇಶ ಇದನ್ನು ನೋಡಿ ಏನು ಅಂದುಕೊಳ್ಳಬೇಕು?

ಹುಳ ಸರ್ ಎರಡು ಬಾಗಿಲು ಅಂದರು. ಮೂರನೆಯದನ್ನೂ ಬರೆದುಕೊಳ್ಳಿ.

ತರ್ಜುಮೆ ಮೇಷ್ಟ್ರು:
ಇಷ್ಟು ಹೊತ್ತು ಓದುತ್ತಿದ್ದೆ. ಇಂಥ ಕಡತಗಳ ತರ್ಜುಮೆ ಕೆಲಸ ಸ್ವಲ್ಪ ಕಾಲ ಮಾಡಿದ್ದೇನೆ. ಯಾವ ಕೇಸು, ಯಾವ ಕಚೇರಿ ಅಂತ ಹೇಳುವುದಿಲ್ಲ. ಆದರೆ ನೀವೆಲ್ಲ ದೊಡ್ಡ ಬಾಗಿಲುಗಳನ್ನೇ ನೋಡುತ್ತಿದ್ದೀರಿ, ಸಣ್ಣ ಕಿಂಡಿಯ ಬಗ್ಗೆ ಹೇಳಬೇಕು ಅನ್ನಿಸಿತು.

ಒಬ್ಬನನ್ನು ತುರ್ತಾಗಿ ಹಿಡಿದಿಟ್ಟುಕೊಳ್ಳಿ ಅಂತ ಕೇಳಿದರೆ ಗಡಿಯಾರ ಓಡಲು ಶುರುವಾಗುತ್ತದೆ. ಬಹಳ ಒಪ್ಪಂದಗಳಲ್ಲಿ 60 ದಿನದೊಳಗೆ ಪೂರ್ತಿ ಕಡತ ತಲುಪಬೇಕು. 1957ರ ಯುರೋಪಿನ ಹಸ್ತಾಂತರ ಒಪ್ಪಂದದಲ್ಲಂತೂ 18 ದಿನಕ್ಕೆ ಕಾಗದ ಬರದಿದ್ದರೆ ಬಿಡಬಹುದು, 40 ದಿನ ದಾಟಿದರೆ ಬಿಡಲೇಬೇಕು. ಕಡತ ಅಂದರೆ ಹತ್ತು ಹಾಳೆಯಲ್ಲ. ವಾರಂಟ್, ದೋಷಾರೋಪ ಪಟ್ಟಿ, ಸಾಕ್ಷಿ ಹೇಳಿಕೆಗಳು, ಕಾನೂನಿನ ಸೆಕ್ಷನ್ನುಗಳು, ಎಲ್ಲ ಆ ದೇಶದ ಭಾಷೆಯಲ್ಲಿ, ಪುಟಪುಟಕ್ಕೂ ಮೊಹರು. ಒಂದು ಮೊಹರು ತಪ್ಪಿದರೆ ಆ ಕಡೆಯ ವಕೀಲರಿಗೆ ಹಬ್ಬ.

ಆರೋಪಿ ನಿಜಕ್ಕೂ ಬೇಕಿದ್ದರೆ ಈ ಕೆಲಸಕ್ಕೆ ಹಗಲೂ ರಾತ್ರಿ ಜನ ಕೂರುತ್ತಾರೆ. ನಾನು ಕೂತಿದ್ದೇನೆ. ಬೇಡವಾಗಿದ್ದರೆ? ಯಾರೂ ಬೇಡ ಅನ್ನುವುದಿಲ್ಲ. ಯಾವ ಮಂತ್ರಿಯೂ ಫೋನ್ ಮಾಡುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹತ್ತು ದಿನ ತೆಗೆದುಕೊಳ್ಳುತ್ತದೆ, ಅಷ್ಟೇ. ಒಂದು ಮುಖ್ಯ ಕಾಗದ ಸೇರಿಸುವುದು ಮರೆತುಹೋಗುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಬೋಫೋರ್ಸ್ ಲಂಚದ ಕೇಸಿನ ಒಟ್ಟಾವಿಯೊ ಕ್ವಟ್ರೋಕಿ 2007ರ ಫೆಬ್ರವರಿಯಲ್ಲಿ ಅರ್ಜೆಂಟೀನಾದಲ್ಲಿ ಸಿಕ್ಕಿಬಿದ್ದರು. ಸಿಬಿಐ ಆ ಸುದ್ದಿಯನ್ನು ಹೊರಗೆ ಹೇಳಿದ್ದು ಎರಡು ವಾರ ಕಳೆದ ಮೇಲೆ. ಜೂನ್‌ನಲ್ಲಿ ಅಲ್ಲಿನ ನ್ಯಾಯಾಧೀಶರು, ಬೇಕಾದ ಕಾಗದಗಳೇ ಸರಿಯಾಗಿಲ್ಲ ಅಂತ ಅರ್ಜಿ ತಳ್ಳಿಹಾಕಿದರು. ಆ ಕಡೆಯವರ ವಕೀಲರ ಖರ್ಚನ್ನೂ ಭಾರತವೇ ಕೊಡಬೇಕು ಅಂದರು. ಬೇಕಂತಲೇ ಸೋತರು ಅಂತ ವಿರೋಧ ಪಕ್ಷಗಳು ಕೂಗಿದವು, ಸರ್ಕಾರ ಇಲ್ಲ ಅಂದಿತು. ಅಸಡ್ಡೆಯಾ, ಉದ್ದೇಶವಾ? ಕಡತ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನಾನು ಹೇಳಬೇಕೆಂದಿದ್ದು ಇಷ್ಟೇ.

ನಿಧಾನಿ:
ಮೇಷ್ಟ್ರೇ, ಭರವಸೆ ಪತ್ರಗಳನ್ನೂ ತರ್ಜುಮೆ ಮಾಡಿದ್ದೀರಾ? ಮರಣದಂಡನೆ ಕೊಡುವುದಿಲ್ಲ, ಜೈಲು ಚೆನ್ನಾಗಿದೆ ಅಂತ ಸರ್ಕಾರಗಳು ಬರೆದುಕೊಡುತ್ತವಲ್ಲ. ಅವನ್ನು ನಂಬಬಹುದಾ?

ತರ್ಜುಮೆ ಮೇಷ್ಟ್ರು:
ಮಾಡಿದ್ದೇನೆ. ಒಂದೊಂದು ಪದಕ್ಕೂ ಮೂರು ಜನ ಜಗಳ ಆಡುತ್ತಾರೆ. ‘ಕೊಡುವುದಿಲ್ಲ’ ಅಂತ ಬರೆಯಬೇಕಾ, ‘ಕೊಡದಂತೆ ಶಿಫಾರಸು ಮಾಡಲಾಗುವುದು’ ಅಂತ ಬರೆಯಬೇಕಾ. ಎರಡರ ಮಧ್ಯೆ ಒಂದು ಜೀವದ ಅಂತರ.

ನಂಬಬಹುದಾ ಅಂದರೆ, ಬರೆದುಕೊಟ್ಟದ್ದು ಕೆಲವೊಮ್ಮೆ ಬರೆದುಕೊಟ್ಟವರನ್ನೇ ಕಟ್ಟಿಹಾಕುತ್ತದೆ. ಮುಂಬೈ ಸ್ಫೋಟದ ಕೇಸಿನ ಅಬು ಸಲೇಂನನ್ನು ಪೋರ್ಚುಗಲ್ 2005ರಲ್ಲಿ ಒಪ್ಪಿಸುವ ಮೊದಲು, ಗಲ್ಲು ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲೂ ಇಲ್ಲ ಅಂತ ಭಾರತದಿಂದ ಮಾತು ಪಡೆದಿತ್ತು. ಮುಂದೆ ಅವನಿಗೆ ಜೀವಾವಧಿ ಶಿಕ್ಷೆ ಆಯಿತು. ಸರ್ಕಾರದ ಮಾತಿಗೆ ಕೋರ್ಟು ಕಟ್ಟುಬೀಳಬೇಕಾ ಅನ್ನುವ ಪ್ರಶ್ನೆ ಎದ್ದಿತು. 2022ರಲ್ಲಿ ಸುಪ್ರೀಂ ಕೋರ್ಟ್, 25 ವರ್ಷ ಮುಗಿದಾಗ ಸರ್ಕಾರ ತಾನು ಕೊಟ್ಟ ಮಾತು ನಡೆಸಿಕೊಡಲೇಬೇಕು ಅಂದಿತು.

ಪ್ರಶ್ನೆ ಪತ್ರಿಕೆ:
ಹಾಗಾದರೆ ಮಲ್ಯ ಯಾಕೆ ಇನ್ನೂ ಬಂದಿಲ್ಲ? ಅದೂ ರಾಜಕೀಯಾನಾ?

ಅರ್ಧ ಲಾಯರ್:
ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಗೊತ್ತಿರುವುದನ್ನಷ್ಟೇ ಹೇಳುತ್ತೇನೆ. ನನ್ನ ಮೇಲಿನ ಕೇಸೇ ರಾಜಕೀಯಪ್ರೇರಿತ ಅಂತ ಅವರು ಲಂಡನ್ನಿನಲ್ಲಿ ವಾದಿಸಿದರು, 2018ರ ಡಿಸೆಂಬರಿನಲ್ಲಿ ನ್ಯಾಯಾಧೀಶೆ ಒಪ್ಪಲಿಲ್ಲ. ಗೃಹ ಸಚಿವರು 2019ರ ಫೆಬ್ರವರಿಯಲ್ಲಿ ಸಹಿ ಹಾಕಿದರು. 2020ರ ಮೇ ತಿಂಗಳಿಗೆ ಮೇಲ್ಮನವಿಯ ದಾರಿಯೂ ಮುಚ್ಚಿತು. ಆಮೇಲೆ ಬ್ರಿಟಿಷ್ ಸರ್ಕಾರ ಹೇಳಿದ್ದು, ಇನ್ನೊಂದು ಕಾನೂನು ವಿಷಯ ಬಾಕಿ ಇದೆ, ಅದು ಗುಟ್ಟಿನದ್ದು ಅಂತ. ಸಹಿಯೂ ಇದೆ, ತೀರ್ಪೂ ಇದೆ, ಮನುಷ್ಯ ಮಾತ್ರ ಕದಲಲಿಲ್ಲ.

ನೀರವ್ ಮೋದಿ ಕೇಸಿನಲ್ಲಿ ಇನ್ನೂ ಕುತೂಹಲದ ಸಂಗತಿ ಇದೆ. ಭಾರತದ ನ್ಯಾಯಾಂಗ ರಾಜಕೀಯ ಒತ್ತಡಕ್ಕೆ ಸಿಕ್ಕಿದೆ ಅಂತ ಲಂಡನ್ ಕೋರ್ಟಿನಲ್ಲಿ ಆರೋಪಿಯ ಪರವಾಗಿ ಸಾಕ್ಷಿ ಹೇಳಿದ್ದು ನಮ್ಮ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು! 2021ರ ಫೆಬ್ರವರಿಯ ತೀರ್ಪಿನಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ನಂಬಲಿಲ್ಲ. ನಿಧಾನಿ ಹೇಳಿದ ಎರಡು ಮೆಟ್ಟಿಲು ಇಲ್ಲಿ ಲೆಕ್ಕಕ್ಕಿಲ್ಲ, ಅದು ಬೇರೆ ಒಪ್ಪಂದ. ಆದರೆ ಗೋಡೆ ಅದೇ. ವ್ಯವಸ್ಥೆ ಕೆಟ್ಟಿದೆ ಅಂತ ಹೇಳಿದರೆ ಸಾಲದು, ನಿನ್ನ ಕೇಸಿನಲ್ಲಿ ಯಾರು, ಯಾವಾಗ, ಏನು ಮಾಡಿದರು ತೋರಿಸು.

ಕೊನೇ ಬೆಂಚು:
ತೋರಿಸಲು ಆಗುವ ಹಾಗೆ ಯಾರು ಮಾಡುತ್ತಾರೆ? ಮೇಷ್ಟ್ರು ಹೇಳಿದ್ದು ಅದನ್ನೇ.

ಕಡತದ ಹುಳ:
ಅದನ್ನೇ ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ಈ ಚರ್ಚೆ ಶುರು ಮಾಡಿದಾಗ ನನ್ನ ಅನುಮಾನ ಇದ್ದದ್ದು ಮಂತ್ರಿಯ ಸಹಿಯ ಮೇಲೆ. ಈಗ ಸ್ವಲ್ಪ ಬೇರೆ ಥರ ಕಾಣುತ್ತಿದೆ. ಸ್ಟ್ರಾ ಸಹಿ ಹಾಕಿದರು, ಕಾರಣ ಕೊಟ್ಟರು, ಸಂಸತ್ತಿನಲ್ಲಿ ಬೈಸಿಕೊಂಡರು. ಇಪ್ಪತ್ತೈದು ವರ್ಷ ಆದಮೇಲೂ ನಾವು ಅವರ ಹೆಸರು ಹಿಡಿದು ಬೈಯುತ್ತಿದ್ದೇವೆ. ಟ್ರಂಪ್ ಹೇಳಿದ ಒಂದು ವಾಕ್ಯವನ್ನು ಮೆಂಗ್ ಅವರ ವಕೀಲರು ಹಿಡಿದುಕೊಂಡು ವರ್ಷಗಟ್ಟಲೆ ವಾದ ಮಾಡಿದರು. ಕ್ಷಮಾದಾನಕ್ಕೂ ಒಂದು ಹೆಸರು, ಒಂದು ತಾರೀಖು ಇದೆ. ಕಳಿಸದೇ ಉಳಿದ ಕಾಗದಕ್ಕೆ ಇದ್ಯಾವುದೂ ಇಲ್ಲ.

ಹಾಗಾಗಿ ಗೆಳೆಯನಿಗೆ ನಾನು ಹೇಳಬೇಕಾದ್ದು ಹೀಗೆ: ರಾಜಕೀಯವನ್ನು ಪೂರ್ತಿ ಹೊರಗಿಡುತ್ತೇವೆ ಅಂತ ಹೊರಟರೆ ಅದು ಬಾಗಿಲು ಬಿಟ್ಟು ಕಿಂಡಿಯಲ್ಲಿ ಬರುತ್ತದೆ. ಮಂತ್ರಿಯ ಅಧಿಕಾರ ಇರಲಿ, ಆದರೆ ಕಾರಣ ಬರೆದು ಸಹಿ ಹಾಕಲಿ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಾಗಿರಲಿ. ಮತ್ತೆ ಇನ್ನೊಂದು, ಕೇಳದೇ ಬಿಟ್ಟದ್ದಕ್ಕೂ, ತಡ ಮಾಡಿದ್ದಕ್ಕೂ ಕಾರಣ ಬರೆಯಬೇಕು ಅನ್ನುವ ನಿಯಮ ಬೇಕು. ಅಂಥದ್ದನ್ನು ಯಾವ ಸರ್ಕಾರ ತಾನಾಗಿ ತರುತ್ತದೆ ಅಂತ ಬೆಂಚು ಅವರು ಕೇಳುವ ಮೊದಲೇ ಹೇಳುತ್ತೇನೆ, ಗೊತ್ತಿಲ್ಲ.

ಕೊನೇ ಬೆಂಚು:
ಕೇಳುವವನಿದ್ದೆ.

ಸುಮ್ನೆ ಓದೋನು:
ಎಲ್ಲ ಓದಿದೆ. ಕೊನೇದಾಗಿ ಒಂದು. ಪಿನೊಚೆ ಕುರ್ಚಿಯಿಂದ ಎದ್ದು ನಡೆದದ್ದು ಅಂತ ಶುರುವಾಯಿತಲ್ಲ. ಆಮೇಲೆ ಅವನಿಗೆ ಶಿಕ್ಷೆ ಆಯಿತಾ?

ಕಡತದ ಹುಳ:
ಇಲ್ಲ. ಆದರೆ ಲಂಡನ್ನಿನ ಆ ಒಂದೂವರೆ ವರ್ಷ ಸುಮ್ನೆ ಹೋಗಲಿಲ್ಲ. ಮೊದಲು ಅವನನ್ನು ಮುಟ್ಟಲು ಹೆದರುತ್ತಿದ್ದ ಚಿಲಿಯ ಕೋರ್ಟುಗಳಿಗೆ ಧೈರ್ಯ ಬಂತು. ವಾಪಸ್ ಬಂದ ವರ್ಷವೇ, 2000ದ ಆಗಸ್ಟಿನಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಅವನ ಸಂಸತ್ ಸದಸ್ಯತ್ವದ ರಕ್ಷಣೆಯನ್ನು ಕಿತ್ತುಹಾಕಿತು. ನ್ಯಾಯಾಧೀಶ ಹುವಾನ್ ಗುಸ್ಮಾನ್ ದೋಷಾರೋಪ ಹೊರಿಸಿದರು, ಗೃಹಬಂಧನ ಆಯಿತು, ಮತ್ತೆ ಆರೋಗ್ಯದ ಕಾರಣಕ್ಕೆ ನಿಂತಿತು, ಮತ್ತೆ ಶುರುವಾಯಿತು. 2006ರ ಡಿಸೆಂಬರ್ 10ರಂದು ತೀರಿಕೊಂಡಾಗ ಕೇಸುಗಳು ಇನ್ನೂ ನಡೆಯುತ್ತಿದ್ದವು.